ದೂರ ಒಂದೇ, ಹೊತ್ತು ಬೇರೆ

ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನದ ಟಿಕೆಟ್ ಹುಡುಕಿದರೆ ಹೋಗುವುದಕ್ಕೆ ಸುಮಾರು ಎಂಟು ಗಂಟೆ ಎಂದು ತೋರಿಸುತ್ತದೆ. ವಾಪಸು ಬರುವುದಕ್ಕೆ ಏಳೇ ಗಂಟೆ. ಅವೇ ಎರಡು ನಿಲ್ದಾಣ, ಅದೇ ಮಾದರಿಯ ವಿಮಾನ, ನಡುವೆ ಅದೇ ಅಟ್ಲಾಂಟಿಕ್ ಸಾಗರ. ಯಾವ ಕಡೆಯಿಂದ ಅಳೆದರೂ ದೂರ ಸುಮಾರು 5,540 ಕಿಲೋಮೀಟರ್. ಆ ಒಂದು ಗಂಟೆ ಎಲ್ಲಿ ಹೋಯಿತು?

ಇನ್ನೊಂದು ಜೋಡಿ ನೋಡಿ, ಲಂಡನ್ ಮತ್ತು ಟೋಕಿಯೊ. 2022ರ ಆರಂಭದವರೆಗೆ ಇವೆರಡರ ನಡುವೆ ಸುಮಾರು ಹನ್ನೆರಡು ಗಂಟೆಯ ಪ್ರಯಾಣವಿತ್ತು. ಆಮೇಲೆ ಅದು ಹದಿನಾಲ್ಕರ ಹತ್ತಿರ ಹೋಯಿತು. ಊರುಗಳೇನೂ ಜರುಗಲಿಲ್ಲ, ವಿಮಾನಗಳೂ ಮುಪ್ಪಾಗಲಿಲ್ಲ.

ಎರಡು ಊರುಗಳ ಹೆಸರು ಕೊಟ್ಟರೆ ದೂರವನ್ನೂ ಹಾರಾಟದ ಅವಧಿಯನ್ನೂ ಥಟ್ಟನೆ ಹೇಳುವ ಸಾಧನಗಳು ಈಗ ಎಲ್ಲರ ಕೈಯಲ್ಲಿವೆ. ಎರಡೂ ಸಂಖ್ಯೆಗಳು ಅಕ್ಕಪಕ್ಕ ಕೂತಿರುವುದರಿಂದ ಎರಡಕ್ಕೂ ಒಂದೇ ತೂಕ ಎಂದು ನಮಗೆ ಅನಿಸುತ್ತದೆ. ಅಲ್ಲೇ ನಾವು ಎಡವುವುದು. ದೂರ ಶುದ್ಧ ರೇಖಾಗಣಿತ, ಅದನ್ನು ನಂಬಬಹುದು. ಅವಧಿ ಹಾಗಲ್ಲ. ಗಾಳಿ, ಇಂಧನ, ದೇಶದೇಶಗಳ ಜಗಳ, ವೇಳಾಪಟ್ಟಿ ಬರೆಯುವವರ ಮುಂಜಾಗ್ರತೆ, ಎಲ್ಲ ಸೇರಿ ಮಾಡಿಕೊಂಡ ರಾಜಿ ಅದು.

ಗ್ಲೋಬಿನ ಮೇಲೊಂದು ದಾರ

ಮೊದಲು ದೂರ. ಎರಡು ಊರುಗಳ ನಡುವೆ ಅತಿ ಹತ್ತಿರದ ದಾರಿ ಯಾವುದೆಂದು ತಿಳಿಯಲು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಮೋಸ ಹೋಗುತ್ತೇವೆ. ಗ್ಲೋಬ್ ತೆಗೆದುಕೊಂಡು ಒಂದು ದಾರವನ್ನು ಆ ಊರಿಂದ ಈ ಊರಿಗೆ ಬಿಗಿಯಾಗಿ ಎಳೆದು ಹಿಡಿಯಬೇಕು. ದಾರ ತಾನಾಗಿಯೇ ಅತಿ ಚಿಕ್ಕ ದಾರಿಗೆ ಸರಿದು ಕೂರುತ್ತದೆ.

ಇದು ಮಕ್ಕಳ ಆಟದಂತೆ ಕಂಡರೂ 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಂಟಿಯಾಗಿ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ಶುರು ಮಾಡಿದ್ದು ಹೀಗೆಯೇ. ಸ್ಯಾನ್ ಡಿಯಾಗೋದ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಗ್ಲೋಬಿನ ಮೇಲೆ ದಾರ ಹಿಡಿದು ಅಳೆದಾಗ ಸುಮಾರು 3,600 ಮೈಲಿ ಬಂತು, ಅಂದರೆ 5,800 ಕಿಲೋಮೀಟರ್. ಎಷ್ಟು ಪೆಟ್ರೋಲ್ ಹೊರಬೇಕೆಂಬ ಲೆಕ್ಕಕ್ಕೆ ಅಷ್ಟು ಸಾಕಾಗಿತ್ತು. ಆಮೇಲೆ ಆತ ನಕ್ಷೆಯ ಮೇಲೆ ಆ ಬಾಗಿದ ದಾರಿಯನ್ನು ನೂರು ನೂರು ಮೈಲಿಯ ನೇರ ತುಂಡುಗಳಾಗಿ ಕತ್ತರಿಸಿಕೊಂಡ. ಒಂದೊಂದು ತುಂಡು ಸುಮಾರು ಒಂದು ಗಂಟೆಯ ಹಾರಾಟ. ಗಂಟೆಗೊಮ್ಮೆ ದಿಕ್ಸೂಚಿ ನೋಡಿ ವಿಮಾನದ ಮೂತಿಯನ್ನು ಕೊಂಚ ತಿರುಗಿಸಿಕೊಳ್ಳುತ್ತ ಮೂವತ್ತಮೂರೂವರೆ ಗಂಟೆಯಲ್ಲಿ ಪ್ಯಾರಿಸ್ ಮುಟ್ಟಿದ.

ಅತಿ ಚಿಕ್ಕ ದಾರಿ ಎಂದರೂ ಮೂತಿ ತಿರುಗಿಸುತ್ತಲೇ ಇರಬೇಕಾಯಿತು ಏಕೆ? ಒಂದು ಚೆಂಡನ್ನು ಅದರ ನಟ್ಟನಡುವಿನ ಬಿಂದುವನ್ನು ಹಾದುಹೋಗುವಂತೆ ಎರಡು ಹೋಳು ಮಾಡಿ. ಹೋಳಿನ ಅಂಚಿನಲ್ಲಿ ಮೂಡುವ ವೃತ್ತಕ್ಕಿಂತ ದೊಡ್ಡ ವೃತ್ತ ಆ ಚೆಂಡಿನ ಮೇಲೆ ಸಾಧ್ಯವಿಲ್ಲ. ಇದಕ್ಕೆ ಮಹಾವೃತ್ತ ಎನ್ನುತ್ತಾರೆ. ಭೂಮಿಯ ಮೇಲಿನ ಯಾವ ಎರಡು ಊರಿಗಾದರೂ ಅತಿ ಹತ್ತಿರದ ದಾರಿ ಇಂಥ ಒಂದು ಮಹಾವೃತ್ತದ ತುಣುಕು. ಭೂಮಧ್ಯರೇಖೆಯ ಮೇಲೋ ಒಂದೇ ರೇಖಾಂಶದ ಮೇಲೋ ಸಾಗುತ್ತಿದ್ದರೆ ಬಿಟ್ಟು, ಈ ದಾರಿ ಉತ್ತರ ದಿಕ್ಕಿನೊಂದಿಗೆ ಮಾಡುವ ಕೋನ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಹೋದರೂ ಊರು ಸೇರಬಹುದು, ದಾರಿ ಮಾತ್ರ ಉದ್ದವಾಗುತ್ತದೆ.

ಎಷ್ಟು ಉದ್ದ? ಆಸ್ಟ್ರೇಲಿಯಾದ ಸಿಡ್ನಿ ಮತ್ತು ಚಿಲಿಯ ಸ್ಯಾಂಟಿಯಾಗೊ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಎರಡೂ ದಕ್ಷಿಣ ಅಕ್ಷಾಂಶ 33–34 ಡಿಗ್ರಿಯ ಆಸುಪಾಸಿನಲ್ಲಿವೆ. ನಕ್ಷೆಯಲ್ಲಿ ನೋಡಿದರೆ ಸಿಡ್ನಿಯಿಂದ ನೇರ ಪೂರ್ವಕ್ಕೆ ಹೊರಟರೆ ಆಯಿತು. ಹಾಗೆ ಅಕ್ಷಾಂಶ ಹಿಡಿದು ಹೋದರೆ ಸುಮಾರು 12,800 ಕಿಲೋಮೀಟರ್ ಆಗುತ್ತದೆ. ಮಹಾವೃತ್ತದ ದಾರಿ ದಕ್ಷಿಣಕ್ಕೆ ಬಾಗಿ, 62 ಡಿಗ್ರಿ ಅಕ್ಷಾಂಶದವರೆಗೆ, ಅಂಟಾರ್ಕ್ಟಿಕಾದ ಬಾಗಿಲವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಅದು 11,350 ಕಿಲೋಮೀಟರ್ ಕೂಡ ಆಗುವುದಿಲ್ಲ. ಬಳಸು ದಾರಿಯಂತೆ ಕಾಣುವುದೇ ಸುಮಾರು 1,450 ಕಿಲೋಮೀಟರ್ ಹತ್ತಿರ!

ಕಣ್ಣಿಗೆ ಈ ಮೋಸ ಮಾಡುವುದು ಮರ್ಕೇಟರ್ ನಕ್ಷೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಅದನ್ನು ಮಾಡಿದ್ದು ನಾವಿಕರಿಗಾಗಿ. ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ಕಾಗದದ ಮೇಲೆ ನೇರ ಗೆರೆಯಾಗಿ ಮೂಡಬೇಕು ಎಂಬುದಷ್ಟೇ ಆತನ ಗುರಿ. ಅದಕ್ಕಾಗಿ ಧ್ರುವಗಳ ಕಡೆಗಿನ ಜಾಗವನ್ನೆಲ್ಲ ಹಿಗ್ಗಿಸಬೇಕಾಯಿತು. ಆಫ್ರಿಕಾಕ್ಕಿಂತ ಹದಿನಾಲ್ಕು ಪಟ್ಟು ಚಿಕ್ಕದಾದ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ನಮ್ಮ ದಾರಿ ಬಿಲ್ಲಿನ ಹಾಗೆ ಬಾಗಿ ಕಾಣುವುದಕ್ಕೂ ಇದೇ ಕಾರಣ. ವಿಮಾನ ನೆಟ್ಟಗೇ ಹೋಗುತ್ತಿರುತ್ತದೆ, ಬಾಗಿರುವುದು ನಕ್ಷೆ.

ಲೆಕ್ಕದ ಸಾಧನಗಳು ದಾರದ ಬದಲು ತ್ರಿಕೋನಮಿತಿ ಬಳಸುತ್ತವೆ. ಎರಡೂ ಊರುಗಳ ಅಕ್ಷಾಂಶ ರೇಖಾಂಶ ಕೊಟ್ಟರೆ, ಭೂಮಿಯ ಕೇಂದ್ರದಿಂದ ನೋಡಿದಾಗ ಅವುಗಳ ನಡುವಿನ ಕೋನ ಎಷ್ಟೆಂದು ಹ್ಯಾವರ್ಸೈನ್ ಎಂಬ ಸೂತ್ರ ಹೇಳುತ್ತದೆ. ಆ ಕೋನದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಅಷ್ಟೇ ಲೆಕ್ಕ. ಭೂಮಿ ಪಕ್ಕಾ ಗುಂಡಗಿಲ್ಲ ಎಂಬುದೊಂದೇ ತೊಡಕು. ಭೂಮಧ್ಯರೇಖೆಯಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವದಲ್ಲಿ 6,357. ಪೂರ್ತಿ ಗೋಳವೆಂದುಕೊಂಡು ಲೆಕ್ಕ ಹಾಕಿದರೆ ನೂರಕ್ಕೆ ಅರ್ಧದಷ್ಟು ತಪ್ಪಬಹುದು. ಹತ್ತು ಸಾವಿರ ಕಿಲೋಮೀಟರಿಗೆ ಐವತ್ತು.

ಇದಕ್ಕಿಂತ ಹೆಚ್ಚು ಗೊಂದಲ ಮಾಡುವುದು ಊರು ಅಂದರೆ ಎಲ್ಲಿ ಎಂಬ ಪ್ರಶ್ನೆ. ಟೋಕಿಯೊದ ನರಿಟಾ ನಿಲ್ದಾಣ ನಗರದ ನಡುವಿನಿಂದ ಸುಮಾರು 60 ಕಿಲೋಮೀಟರ್ ಆಚೆ ಇದೆ. ಹನೇಡಾ ನಗರದ ಒಳಗೇ ಇದೆ. ಒಂದು ಸಾಧನ ನಗರದ ನಡುವಿನಿಂದ ಅಳೆದು ಇನ್ನೊಂದು ನಿಲ್ದಾಣದಿಂದ ಅಳೆದರೆ ಉತ್ತರ ಬೇರೆಯಾಗದೆ ಇನ್ನೇನು? ಮೈಲಿಯದೂ ಒಂದು ರಗಳೆ. ಸಿಂಗಪುರ–ನ್ಯೂಯಾರ್ಕ್ ದೂರ ಸುಮಾರು 15,350 ಕಿಲೋಮೀಟರ್. ಸಾಮಾನ್ಯ ಮೈಲಿಯಲ್ಲಿ ಅದು 9,540, ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ 8,290. ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಸಿಗುವ ಒಂದು ಪಾಲಿನಿಂದ ಹುಟ್ಟಿದ ಅಳತೆ ಅದು.

ವಿಮಾನ ನೆಲದಿಂದ ಹನ್ನೊಂದು ಕಿಲೋಮೀಟರ್ ಮೇಲೆ ಹಾರುವುದರಿಂದ ದಾರಿ ಹಿಗ್ಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಿಗ್ಗುತ್ತದೆ. 15,000 ಕಿಲೋಮೀಟರಿಗೆ 26 ಕಿಲೋಮೀಟರ್, ಎರಡು ನಿಮಿಷದ ಮಾತು.

ಒಂದು ಒರಟು ಸೂತ್ರ

ದೂರ ಸಿಕ್ಕಿತು. ಇನ್ನು ಹೊತ್ತು. ದೂರದ ಪ್ರಯಾಣದ ಜೆಟ್ ವಿಮಾನಗಳು ಶಬ್ದದ ವೇಗದ ನೂರಕ್ಕೆ 85ರಷ್ಟು ವೇಗದಲ್ಲಿ ಹಾರುತ್ತವೆ. ಅಷ್ಟು ಎತ್ತರದಲ್ಲಿ ಹೊರಗಿನ ಉಷ್ಣಾಂಶ ಶೂನ್ಯಕ್ಕಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ. ಚಳಿಯಲ್ಲಿ ಶಬ್ದವೂ ನಿಧಾನ, ಗಂಟೆಗೆ ಸುಮಾರು 1,060 ಕಿಲೋಮೀಟರ್. ಹಾಗಾಗಿ ವಿಮಾನದ ವೇಗ 900ರ ಹತ್ತಿರ. ಆದರೆ ದಾರಿ ಪೂರ್ತಿ ಬಿಗಿ ದಾರದಂತಿರುವುದಿಲ್ಲ, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ನೆಲದ ಮೇಲೆ ರನ್‌ವೇಯವರೆಗೆ ತೆವಳುವುದಂತೂ ಇದ್ದೇ ಇದೆ.

ಇದನ್ನೆಲ್ಲ ಒಟ್ಟು ಸೇರಿಸಿ ನಾನು ಬಳಸುವ ಲೆಕ್ಕ ಇಷ್ಟೇ: ಕಿಲೋಮೀಟರುಗಳನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ಲಂಡನ್–ನ್ಯೂಯಾರ್ಕಿಗೆ ಏಳು ಗಂಟೆ ಬರುತ್ತದೆ. ಸಿಂಗಪುರ–ನ್ಯೂಯಾರ್ಕಿಗೆ ಹದಿನೆಂಟೂವರೆ ಗಂಟೆ ಬರುತ್ತದೆ, ವೇಳಾಪಟ್ಟಿಯಲ್ಲಿ ಇರುವುದು ಹದಿನೆಂಟೂ ಮುಕ್ಕಾಲರ ಆಸುಪಾಸು. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿಗೆ 14,500 ಕಿಲೋಮೀಟರ್, ಸೂತ್ರದ ಉತ್ತರ ಹದಿನೇಳೂವರೆ ಗಂಟೆ, ವೇಳಾಪಟ್ಟಿಯೂ ಬಹುಪಾಲು ಅಷ್ಟೇ. ಲಂಡನ್–ಟೋಕಿಯೊ 9,600 ಕಿಲೋಮೀಟರಿಗೆ ಹನ್ನೆರಡು ಗಂಟೆಗೆ ಹತ್ತು ಹನ್ನೆರಡು ನಿಮಿಷ ಕಡಿಮೆ.

ಸೂತ್ರಕ್ಕೆ ತಾಳೆಯಾದರೆ ವಿಶೇಷವಿಲ್ಲ. ತಾಳೆಯಾಗದ ಕಡೆ ಕಥೆಯಿದೆ. ಟಿಕೆಟ್ಟಿನ ಅವಧಿ ಸೂತ್ರಕ್ಕಿಂತ ಒಂದು ಗಂಟೆ ಹೆಚ್ಚಿದ್ದರೆ ಗಾಳಿಯನ್ನು ಅನುಮಾನಿಸಬೇಕು. ಎರಡು ಗಂಟೆ ಹೆಚ್ಚಿದ್ದರೆ ಯಾವುದೋ ದೇಶದ ಬಾಗಿಲು ಮುಚ್ಚಿದೆ ಎಂದುಕೊಳ್ಳಬಹುದು.

ಆಕಾಶದ ಹೊಳೆ

ವಿಮಾನದ ವೇಗ ಎನ್ನುವುದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಹೊಳೆಯಲ್ಲಿ ಹುಟ್ಟು ಹಾಕುವ ದೋಣಿಯನ್ನು ನೆನೆದುಕೊಂಡರೆ ಸಾಕು. ಹರಿವಿನ ಜೊತೆ ಹೋದರೆ ದಡದ ಮರಗಳು ಬೇಗ ಹಿಂದೆ ಸರಿಯುತ್ತವೆ, ಎದುರು ಹೋದರೆ ಅದೇ ತೋಳ್ಬಲಕ್ಕೆ ಅರ್ಧ ದಾರಿ.

ಆಕಾಶದಲ್ಲೂ ಹೊಳೆಗಳಿವೆ. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹಾವಿನಂತೆ ಬಳುಕುತ್ತ ಹರಿಯುವ ರಭಸದ ಗಾಳಿಯನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 150–200 ಕಿಲೋಮೀಟರ್ ಅದಕ್ಕೆ ಮಾಮೂಲು, ಕೆಲವೊಮ್ಮೆ 300 ದಾಟುವುದೂ ಉಂಟು. ಭೂಮಧ್ಯದ ಬಿಸಿ ಗಾಳಿಗೂ ಧ್ರುವದ ತಣ್ಣನೆ ಗಾಳಿಗೂ ಇರುವ ಅಂತರವೇ ಅದರ ಮೂಲ. ಚಳಿಗಾಲದಲ್ಲಿ ಆ ಅಂತರ ಹೆಚ್ಚುವುದರಿಂದ ಹೊಳೆಗೂ ಆಗಲೇ ನೆರೆ.

ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಮೇಲೇರುತ್ತ ಯಾವ ಕಡೆಗೆ ಎಷ್ಟು ವೇಗವಾಗಿ ಓಡುತ್ತವೆಂದು ದೂರದರ್ಶಕದಲ್ಲಿ ಹಿಂಬಾಲಿಸಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರಿಗೂ ಸೇರಿದ ಭಾಷೆ ಎಂದು ಕಟ್ಟಿದ್ದು ಅದು. ಪಾಪ, ಓದಿದವರು ಬೆರಳೆಣಿಕೆಯವರು. 1944ರ ಕೊನೆಯಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಹಳ ಎತ್ತರದಲ್ಲಿ ಬಂದ ಅಮೆರಿಕದ ಬಿ-29 ವಿಮಾನಗಳು ಈ ಗಾಳಿಗೆ ಸಿಕ್ಕು ಗುರಿ ತಪ್ಪಿದಾಗಲೇ ಅದರ ಬಲ ಹಲವರ ಅರಿವಿಗೆ ಬಂದದ್ದು. ಅದೇ ಹೊತ್ತಿಗೆ ಜಪಾನೀಯರು ಅದೇ ಗಾಳಿಯನ್ನು ನಂಬಿ ಬಾಂಬು ಕಟ್ಟಿದ ಸಾವಿರಾರು ಬಲೂನುಗಳನ್ನು ಶಾಂತಸಾಗರದ ಮೇಲೆ ಅಮೆರಿಕದ ಕಡೆಗೆ ತೇಲಿಬಿಡುತ್ತಿದ್ದರು.

ಈಗ ಮೊದಲ ಪ್ರಶ್ನೆಗೆ ಬರೋಣ. ಲಂಡನ್–ನ್ಯೂಯಾರ್ಕ್ 5,540 ಕಿಲೋಮೀಟರ್, ವಿಮಾನದ ವೇಗ 900, ಪಶ್ಚಿಮದಿಂದ ಬೀಸುವ ಗಾಳಿ ಗಂಟೆಗೆ 100 ಎಂದಿಟ್ಟುಕೊಳ್ಳಿ. ಪೂರ್ವಕ್ಕೆ ಬರುವಾಗ ನೆಲದ ಲೆಕ್ಕದಲ್ಲಿ ವೇಗ 1,000, ಹಾರಾಟ 5 ಗಂಟೆ 32 ನಿಮಿಷ. ಪಶ್ಚಿಮಕ್ಕೆ ಹೋಗುವಾಗ ವೇಗ 800, ಹಾರಾಟ 6 ಗಂಟೆ 55 ನಿಮಿಷ. ವ್ಯತ್ಯಾಸ ಒಂದು ಗಂಟೆಗೂ ಹೆಚ್ಚು. ಕಳೆದುಹೋದ ಗಂಟೆ ಸಿಕ್ಕಿತು.

ಹಾಗಾದರೆ ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿ ಸರಿಹೋಯಿತಲ್ಲ ಎನ್ನುವಿರಾ? ಕೂಡಿ ನೋಡಿ. ಎರಡೂ ಸೇರಿ 12 ಗಂಟೆ 28 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 19 ನಿಮಿಷ ಸಾಕಿತ್ತು. ಒಂಬತ್ತು ನಿಮಿಷ ಲುಕ್ಸಾನು. ಎದುರುಗಾಳಿಯಲ್ಲಿ ನಿಧಾನವಾಗಿ ಹೋಗುವುದರಿಂದ ಅದರ ಕಾಟವನ್ನು ಹೆಚ್ಚು ಹೊತ್ತು ಸಹಿಸುತ್ತೇವೆ, ಬೆನ್ನಿಗೆ ಬೀಸುವ ಗಾಳಿಯಲ್ಲಿ ಬೇಗ ಸಾಗುವುದರಿಂದ ಅದರ ಉಪಕಾರವನ್ನು ಕಡಿಮೆ ಹೊತ್ತು ಪಡೆಯುತ್ತೇವೆ. ಒಂದೇ ದಾರಿಯಲ್ಲಿ ಹೋಗಿ ಬರುವವರಿಗೆ ಒಂದೇ ಸಮನೆ ಬೀಸುವ ಗಾಳಿ ಯಾವತ್ತೂ ನಷ್ಟದ ಬಾಬತ್ತು.

ಅದಕ್ಕೇ ಯಾರೂ ಒಂದೇ ದಾರಿಯಲ್ಲಿ ಹೋಗಿ ಬರುವುದಿಲ್ಲ. ಉತ್ತರ ಅಟ್ಲಾಂಟಿಕ್ ಮೇಲೆ ವಿಮಾನಗಳ ಹಾದಿಗಳನ್ನು ದಿನದಿನವೂ ಹೊಸದಾಗಿ ಬರೆಯುತ್ತಾರೆ. ಹಗಲು ಪಶ್ಚಿಮಕ್ಕೆ ಹೋಗುವ ಹಾದಿಗಳನ್ನು ಬ್ರಿಟನ್ ಮತ್ತು ಐರ್ಲೆಂಡ್ ಕಡೆಯ ಶಾನ್ವಿಕ್ ನಿಯಂತ್ರಣ ಕೇಂದ್ರ, ರಾತ್ರಿ ಪೂರ್ವಕ್ಕೆ ಬರುವ ಹಾದಿಗಳನ್ನು ಕೆನಡಾದ ಗ್ಯಾಂಡರ್ ಕೇಂದ್ರ ಗೊತ್ತು ಮಾಡುತ್ತವೆ. ಪೂರ್ವಕ್ಕೆ ಬರುವವರನ್ನು ಹೊಳೆಯ ಒಳಕ್ಕೆ ತಳ್ಳುವುದು, ಪಶ್ಚಿಮಕ್ಕೆ ಹೋಗುವವರನ್ನು ಹೊಳೆ ತಪ್ಪಿಸಿ ದಡದಲ್ಲಿ ಕಳಿಸುವುದು, ಇದೇ ಅವರ ಕೆಲಸ. ಮಹಾವೃತ್ತಕ್ಕಿಂತ ಇನ್ನೂರು ಮುನ್ನೂರು ಕಿಲೋಮೀಟರ್ ಉದ್ದದ ದಾರಿ ಗಡಿಯಾರದಲ್ಲಿ ಹತ್ತಿರವಾಗಬಹುದು.

2020ರ ಫೆಬ್ರುವರಿಯಲ್ಲಿ ಸಿಯಾರಾ ಹೆಸರಿನ ಬಿರುಗಾಳಿ ಅಟ್ಲಾಂಟಿಕ್ ಮೇಲಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಶಬ್ದಕ್ಕಿಂತ ವೇಗವಾಗಿ ಹಾರಿತು ಎಂದು ಕೆಲವರು ಹುಬ್ಬೇರಿಸಿದರು. ಇಲ್ಲ, ಹಾರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ಓಡಿದ್ದು ಗಾಳಿ, ವಿಮಾನ ಅದರ ಹೆಗಲೇರಿತ್ತು.

ಇಲ್ಲೊಂದು ಹಳೆಯ ತಪ್ಪು ತಿಳಿವಳಿಕೆಯನ್ನೂ ಮುಗಿಸಿಬಿಡೋಣ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಭೂಮಧ್ಯರೇಖೆಯಲ್ಲಿ ಗಂಟೆಗೆ 1,670 ಕಿಲೋಮೀಟರ್ ವೇಗದಲ್ಲಿ. ಹಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬರಬೇಕಲ್ಲ? ಬರುವುದಿಲ್ಲ. ನೆಲದ ಜೊತೆ ಗಾಳಿಯೂ ತಿರುಗುತ್ತಿರುತ್ತದೆ, ರನ್‌ವೇಯಲ್ಲಿ ನಿಂತ ವಿಮಾನವೂ ತಿರುಗುತ್ತಿರುತ್ತದೆ. ಭೂಮಿಯ ತಿರುಗಾಟದ ಪಾತ್ರ ಬೇರೆ ಕಡೆ ಇದೆ. ಧ್ರುವದ ಕಡೆ ಹೊರಟ ಗಾಳಿಯನ್ನು ಪೂರ್ವಕ್ಕೆ ಹೊರಳಿಸಿ ಜೆಟ್ ಸ್ಟ್ರೀಮಿಗೆ ಆ ದಿಕ್ಕು ಕೊಟ್ಟಿರುವುದು ಅದೇ.

ಕೊಂಕಣ ಸುತ್ತಿ ಮೈಲಾರ

ದಾರ ಎಳೆದ ದಾರಿಯಲ್ಲಿ ಹೋಗಲು ಗಾಳಿ ಒಪ್ಪಿದರೂ ಕೆಳಗಿನ ದೇಶಗಳು ಒಪ್ಪಬೇಕು. ಲಂಡನ್ನಿನಿಂದ ಟೋಕಿಯೊಕ್ಕೆ ಎಳೆದ ದಾರ ರಷ್ಯಾದ ಮೇಲೆ, ಸೈಬೀರಿಯಾದ ಉದ್ದಕ್ಕೂ ಕೂರುತ್ತದೆ. ಶೀತಲ ಸಮರದ ಕಾಲದಲ್ಲಿ ಆ ಆಕಾಶ ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. 1957ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಕಡೆಯಿಂದ ಅಲಾಸ್ಕಾದ ಆ್ಯಂಕರೇಜಿಗೆ ಹೋಗಿ, ಅಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊ ಸೇರುವ ದಾರಿ ತೆರೆಯಿತು. ಮುಂದೆ ದಶಕಗಳ ಕಾಲ ಯುರೋಪಿನಿಂದ ಜಪಾನಿಗೆ ಹೋಗುವವರು ಅಮೆರಿಕದ ಒಂದು ಮೂಲೆಯಲ್ಲಿ ಕಾಲು ಚಾಚಿ ಹೋಗುವುದು ವಾಡಿಕೆಯಾಗಿತ್ತು.

ಸೋವಿಯತ್ ಒಕ್ಕೂಟ ಮುಗಿಯುವ ಹೊತ್ತಿಗೆ ಸೈಬೀರಿಯಾ ತೆರೆದುಕೊಂಡಿತು, ದೂರ ಕುಗ್ಗಿತು. ಈ ಅನುಕೂಲದ ಮೇಲೆ ತನ್ನ ವ್ಯಾಪಾರವನ್ನೇ ಕಟ್ಟಿಕೊಂಡದ್ದು ಫಿನ್ಲೆಂಡಿನ ಫಿನ್‌ಏರ್. ಹೆಲ್ಸಿಂಕಿಯಿಂದ ಟೋಕಿಯೊ 7,800 ಕಿಲೋಮೀಟರ್, ಒಂಬತ್ತೂವರೆ ಗಂಟೆ, ಯುರೋಪಿನಿಂದ ಏಷ್ಯಾಕ್ಕೆ ಇದಕ್ಕಿಂತ ಅಡ್ಡದಾರಿ ಸಿಗುವುದು ಕಷ್ಟ. 2022ರ ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ಯುದ್ಧ ಹೂಡಿತು, ಯುರೋಪ್ ಮತ್ತು ರಷ್ಯಾ ಪರಸ್ಪರ ಆಕಾಶ ಮುಚ್ಚಿಕೊಂಡವು. ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಹದಿಮೂರು ಗಂಟೆಗೆ ಏರಿತು. ಕೆಲವು ವಿಮಾನಗಳು ಉತ್ತರ ಧ್ರುವದ ಮೇಲೆಯೇ ಹಾಯ್ದು ಹೋದವು. ಧ್ರುವ ದಾಟಿದ್ದಕ್ಕೆ ಫಿನ್‌ಏರ್ ಪ್ರಯಾಣಿಕರಿಗೆ ಪ್ರಮಾಣಪತ್ರ ಹಂಚಿತು. ಮೂರೂವರೆ ಗಂಟೆ ಹೆಚ್ಚಿಗೆ ಕೂರಿಸಿದ್ದಕ್ಕೆ ಕೊಟ್ಟ ಸಮಾಧಾನ ಎಂದೂ ಅದನ್ನು ಓದಬಹುದು.

ಜಪಾನಿನ ಸಂಸ್ಥೆಗಳು ಲಂಡನ್ನಿಗೆ ಹೋಗಲು ಹುಡುಕಿಕೊಂಡ ದಾರಿ ಇನ್ನೂ ಸೊಗಸಾಗಿದೆ. ಟೋಕಿಯೊದಿಂದ ಹೊರಟು ಪೂರ್ವಕ್ಕೆ, ಅಲಾಸ್ಕಾ, ಕೆನಡಾದ ಉತ್ತರ ತುದಿ, ಗ್ರೀನ್‌ಲ್ಯಾಂಡ್ ದಾಟಿ ಲಂಡನ್ನಿಗೆ ಪಶ್ಚಿಮದ ಬಾಗಿಲಿನಿಂದ ಪ್ರವೇಶ. ಲಂಡನ್ನಿನಿಂದ ಹೊರಟಾಗ ಮತ್ತೆ ಪೂರ್ವಕ್ಕೇ, ರಷ್ಯಾದ ದಕ್ಷಿಣಕ್ಕೆ ಮಧ್ಯ ಏಷ್ಯಾ ಮತ್ತು ಚೀನಾದ ಮೇಲೆ. ಎರಡೂ ಸಲ ಎದುರುಗಾಳಿ ತಪ್ಪಿತು. ಹೋಗಿ ಬರುವಷ್ಟರಲ್ಲಿ ಪ್ರಯಾಣಿಕ ಭೂಮಿಗೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿರುತ್ತಾನೆ, ಬಹಳ ಸಲ ಅದು ಅವನ ಗಮನಕ್ಕೂ ಬರುವುದಿಲ್ಲ.

ಸಿಂಗಪುರ ಮತ್ತು ನ್ಯೂಯಾರ್ಕ್ ನಡುವೆಯೂ ಹೀಗೆ ಆಗುವುದುಂಟು, ಅಲ್ಲಿ ಕಾರಣ ರಾಜಕೀಯವಲ್ಲ, ರೇಖಾಗಣಿತ. ಸಿಂಗಪುರ 104 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನ್ಯೂಯಾರ್ಕ್ 74 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಕೂಡಿದರೆ 178. ಅಂದರೆ ಒಂದು ಊರು ಇನ್ನೊಂದರ ಹೆಚ್ಚುಕಡಿಮೆ ಬೆನ್ನ ಹಿಂದೆಯೇ ಇದೆ, ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಹೀಗಿರುವಾಗ ಶಾಂತಸಾಗರದ ಕಡೆಗೆ ವಾಲಿದರೂ ಅಟ್ಲಾಂಟಿಕ್ ಕಡೆಗೆ ವಾಲಿದರೂ ಉದ್ದದಲ್ಲಿ ಅಜಗಜಾಂತರವೇನಿಲ್ಲ. ಆಯ್ಕೆ ಗಾಳಿಗೆ ಬಿಟ್ಟದ್ದು. ಸಿಂಗಪುರದಿಂದ ಹೋಗುವಾಗ ಶಾಂತಸಾಗರದ ಮೇಲೆ, ನ್ಯೂಯಾರ್ಕಿನಿಂದ ಬರುವಾಗ ಹಲವು ದಿನ ಅಟ್ಲಾಂಟಿಕ್ ಮತ್ತು ಯುರೋಪಿನ ಮೇಲೆ.

ದಾರಿ ಬಾಗಿಸುವ ಇನ್ನೆರಡು ಕಾರಣ ಬೇಗ ಹೇಳಿ ಮುಗಿಸುತ್ತೇನೆ. ವಿಮಾನದೊಳಗಿನ ಗಾಳಿಯ ಒತ್ತಡ ಇಳಿದರೆ ಪ್ರಯಾಣಿಕರ ಮುಖವಾಡಗಳಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗಷ್ಟೇ ಬರುತ್ತದೆ, ಅಷ್ಟರೊಳಗೆ ಉಸಿರಾಡಬಹುದಾದ ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಇಳಿಯುವುದಾದರೂ ಎಲ್ಲಿಗೆ? ಅಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಹಾಗಾಗಿ ಬಹುಪಾಲು ದೂರಪ್ರಯಾಣದ ವಿಮಾನಗಳು ಅದನ್ನು ಬಳಸಿ ಹೋಗುತ್ತವೆ. ಇನ್ನೊಂದು, ಎರಡೇ ಎಂಜಿನ್ನಿನ ವಿಮಾನಗಳ ಮೇಲಿದ್ದ ಕಟ್ಟು. ಒಂದು ಎಂಜಿನ್ ಕೆಟ್ಟರೆ ಉಳಿದ ಒಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು ಎಂಬ ನಿಯಮ. 1950ರ ದಶಕದಲ್ಲಿ ಅಮೆರಿಕದಲ್ಲಿ ಅದು 60 ನಿಮಿಷ ಇತ್ತು, ಸಾಗರದ ನಡುಭಾಗವೆಲ್ಲ ಅವುಗಳಿಗೆ ನಿಷಿದ್ಧವಾದ ಹಾಗೆ. 1985ರಲ್ಲಿ 120 ನಿಮಿಷಕ್ಕೆ ಒಪ್ಪಿಗೆ ಸಿಕ್ಕಿತು, ಆಮೇಲೆ 180. ಏರ್‌ಬಸ್ ಎ350ಕ್ಕೆ 2014ರಲ್ಲಿ ಸಿಕ್ಕಿದ್ದು 370 ನಿಮಿಷ. ಎಂಜಿನ್ನುಗಳನ್ನು ನಂಬಲು ಕಲಿತಂತೆಲ್ಲ ದಾರಿಗಳು ನೇರವಾದವು.

ಟಿಕೆಟ್ಟಿನ ಮೇಲಿನ ಗಂಟೆ

ಟಿಕೆಟ್ಟಿನಲ್ಲಿ ಅಚ್ಚಾಗುವ ಅವಧಿ ಗಾಳಿಯಲ್ಲಿರುವ ಹೊತ್ತಲ್ಲ. ಒಂದು ಗೇಟ್ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇಗಾಗಿ ಸಾಲಿನಲ್ಲಿ ಕಾಯುವುದೂ ಅದರಲ್ಲಿ ಸೇರಿದೆ, ಊರ ಮೇಲೆ ಸುತ್ತು ಹೊಡೆಯುವುದೂ ಸೇರಿದೆ. ಹಿಂದಿನ ಹಾರಾಟಗಳ ದಾಖಲೆ ನೋಡಿ, ಹೆಚ್ಚಿನ ದಿನಗಳಲ್ಲಿ ಸಮಯಕ್ಕೆ ತಲುಪುವಷ್ಟು ಸಡಿಲ ಬಿಟ್ಟು ಸಂಸ್ಥೆಗಳು ಈ ಸಂಖ್ಯೆಯನ್ನು ಇಡುತ್ತವೆ. ಅಮೆರಿಕದ ಸರ್ಕಾರಿ ಲೆಕ್ಕದಲ್ಲಂತೂ ಹೇಳಿದ ವೇಳೆಗಿಂತ ಕಾಲು ಗಂಟೆಯೊಳಗೆ ತಡವಾದರೆ ಅದು ತಡವೇ ಅಲ್ಲ. ನಿಗದಿಗಿಂತ ಇಪ್ಪತ್ತು ನಿಮಿಷ ಮೊದಲೇ ಇಳಿದಿದ್ದೇವೆ ಎಂದು ಪೈಲಟ್ ಹೆಮ್ಮೆಯಿಂದ ಹೇಳಿದಾಗ ಆ ಇಪ್ಪತ್ತು ನಿಮಿಷವನ್ನು ಮೊದಲೇ ಯಾರೋ ಬಚ್ಚಿಟ್ಟಿದ್ದರು ಎಂದು ತಿಳಿಯಬೇಕು.

ಹೊರಡುವ ಮತ್ತು ತಲುಪುವ ವೇಳೆಯನ್ನು ಕಳೆದು ಅವಧಿ ಕಂಡುಹಿಡಿಯಲು ಹೋದರಂತೂ ತಲೆ ಕೆಡುತ್ತದೆ. ಟಿಕೆಟ್ಟಿನಲ್ಲಿ ಆಯಾ ಊರಿನ ಗಡಿಯಾರದ ವೇಳೆ ಇರುತ್ತದೆ. ಚಳಿಗಾಲದಲ್ಲಿ ಲಾಸ್ ಏಂಜಲೀಸ್ ಟೋಕಿಯೊಕ್ಕಿಂತ ಹದಿನೇಳು ಗಂಟೆ ಹಿಂದಿರುತ್ತದೆ. ಟೋಕಿಯೊದಲ್ಲಿ ಮಂಗಳವಾರ ಸಂಜೆ ಐದಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಲಾಸ್ ಏಂಜಲೀಸಿನಲ್ಲಿ ಇಳಿಯುವುದು ಅದೇ ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಹೊರಡುವುದಕ್ಕಿಂತ ಏಳು ಗಂಟೆ ಮೊದಲು! ಲೆಕ್ಕ ತಪ್ಪದಿರಲು ಒಂದೇ ಉಪಾಯ. ಎರಡೂ ವೇಳೆಯನ್ನು ಮೊದಲು ಒಂದೇ ಊರಿನ ಗಡಿಯಾರಕ್ಕೆ ತಂದುಕೊಂಡು ಆಮೇಲೆ ಕಳೆಯಬೇಕು.

ಎಲ್ಲಿಯವರೆಗೆ ಒಂದೇ ಉಸಿರಿಗೆ?

ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಯಾವ ಎರಡು ಊರುಗಳೂ 20,000ಕ್ಕಿಂತ ಹೆಚ್ಚು ದೂರ ಇರಲಾರವು. ನಮ್ಮ ಸೂತ್ರದ ಪ್ರಕಾರ ಜಗತ್ತಿನ ಅತಿ ದೂರದ ಪ್ರಯಾಣಕ್ಕೂ ಇಪ್ಪತ್ತನಾಲ್ಕು ಗಂಟೆ ಸಾಕು. ತಡೆದಿರುವುದು ಇಂಧನ. ದೂರ ಹೋಗಲು ಹೆಚ್ಚು ಇಂಧನ ಬೇಕು, ಆ ಇಂಧನದ ಭಾರ ಹೊರಲು ಮತ್ತಷ್ಟು ಇಂಧನ ಬೇಕು. ಹದಿನೆಂಟು ಗಂಟೆಯ ಹಾರಾಟದ ಮೊದಲ ಅರ್ಧದಲ್ಲಿ ವಿಮಾನ ತನ್ನ ಎರಡನೆಯ ಅರ್ಧದ ಇಂಧನವನ್ನು ಹೊತ್ತು ತಿರುಗುವ ಟ್ಯಾಂಕರ್. ಭಾರ ಹೆಚ್ಚಿರುವಾಗ ತುಂಬ ಎತ್ತರಕ್ಕೆ ಏರಲೂ ಆಗದು. ಇಂಧನ ಕರಗಿದಂತೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ.

ಸಿಂಗಪುರ್ ಏರ್‌ಲೈನ್ಸ್ ನ್ಯೂಯಾರ್ಕ್ ಪಕ್ಕದ ನೆವಾರ್ಕಿಗೆ ತಡೆರಹಿತ ಸೇವೆಯನ್ನು 2004ರಲ್ಲಿ ನಾಲ್ಕು ಎಂಜಿನ್ನಿನ ಏರ್‌ಬಸ್ ಎ340-500 ಹಿಡಿದು ಶುರು ಮಾಡಿ, ಇಂಧನದ ಖರ್ಚು ತಾಳಲಾರದೆ 2013ರಲ್ಲಿ ಕೈಬಿಟ್ಟಿತು. 2018ರಲ್ಲಿ ಎರಡೇ ಎಂಜಿನ್ನಿನ ಎ350-900ಯುಎಲ್‌ಆರ್ ಬಂದ ಮೇಲೆ ಮತ್ತೆ ಹಿಡಿಯಿತು. ಅದರ ಟ್ಯಾಂಕುಗಳಲ್ಲಿ 1,65,000 ಲೀಟರ್ ಹಿಡಿಯುತ್ತದೆ. ಸೀಟುಗಳು 161 ಮಾತ್ರ, ಅದೇ ಗಾತ್ರದ ಸಾಮಾನ್ಯ ಎ350ರಲ್ಲಿ ಮುನ್ನೂರರ ಆಸುಪಾಸು ಜನ ಕೂರುತ್ತಾರೆ. ದೂರಕ್ಕೆ ತೆರುವ ಬೆಲೆ ಖಾಲಿ ಜಾಗದ ರೂಪದಲ್ಲಿ ಕಣ್ಣಿಗೇ ಕಾಣುತ್ತದೆ.

ವೇಗ ಹೆಚ್ಚಿಸಿ ಹೊತ್ತು ಉಳಿಸುವ ಪ್ರಯತ್ನ ಆಗಿಹೋಗಿದೆ. ಕಾಂಕಾರ್ಡ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತಿತ್ತು. 1996ರ ಫೆಬ್ರುವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಬಂತು. 2003ರ ಅಕ್ಟೋಬರಿನಲ್ಲಿ ಅದರ ಕೊನೆಯ ವಾಣಿಜ್ಯ ಹಾರಾಟ ಮುಗಿಯಿತು. ಅಟ್ಲಾಂಟಿಕ್ ದಾಟಲು ನಮಗೆ ಇಂದು ಮೂವತ್ತು ವರ್ಷದ ಹಿಂದೆ ಕಾಂಕಾರ್ಡ್ ಹತ್ತಿದವರಿಗಿಂತ ಎರಡು ಪಟ್ಟು ಹೊತ್ತು ಬೇಕು.

ಹಾಗಾಗಿ ಈಗ ಪೈಪೋಟಿ ಇರುವುದು ವೇಗಕ್ಕಲ್ಲ, ನಿಲ್ಲದೆ ಹೋಗುವುದಕ್ಕೆ. 1947ರಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ ಸಿಡ್ನಿಯಿಂದ ಲಂಡನ್ನಿಗೆ ಕಾನ್‌ಸ್ಟಲೇಶನ್ ವಿಮಾನ ಬಿಟ್ಟಾಗ ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೊ, ಟ್ರಿಪೋಲಿಗಳಲ್ಲಿ ಇಳಿದೇರಿ ನಾಲ್ಕು ದಿನ ಹಿಡಿಯುತ್ತಿತ್ತು. ಸುಮಾರು 17,000 ಕಿಲೋಮೀಟರಿನ ಆ ದಾರಿಯನ್ನು ಒಂದೇ ನೆಗೆತಕ್ಕೆ ದಾಟುವ ಸೇವೆಗೆ ಅದೇ ಸಂಸ್ಥೆ ಹಾಕಿಕೊಂಡಿರುವ ಯೋಜನೆಯ ಹೆಸರು ಪ್ರಾಜೆಕ್ಟ್ ಸನ್‌ರೈಸ್.

ಸೂರ್ಯೋದಯ ಎಂಬ ಈ ಹೆಸರು ಬಂದದ್ದು ಎರಡನೆಯ ಮಹಾಯುದ್ಧದ ಕಾಲದಿಂದ. 1943ರಿಂದ 1945ರವರೆಗೆ ಕ್ವಾಂಟಾಸ್ ಕಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳನ್ನು ಪರ್ತ್‌ನಿಂದ ಸಿಲೋನಿನ ಕೊಗ್ಗಲಕ್ಕೆ ಹಾರಿಸುತ್ತಿತ್ತು. ದೂರ ಸುಮಾರು 5,600 ಕಿಲೋಮೀಟರ್, ನಮ್ಮ ಸೂತ್ರದ ಪ್ರಕಾರ ಏಳು ಗಂಟೆಯ ಹಾರಾಟ. ಕಟಲೀನಾಗೆ ಬೇಕಾಗುತ್ತಿದ್ದದ್ದು 27ರಿಂದ 33 ಗಂಟೆ. ಜಪಾನೀಯರ ಕಣ್ಣು ತಪ್ಪಿಸಲು ರೇಡಿಯೊ ಬಾಯಿ ಮುಚ್ಚಿ, ನಕ್ಷತ್ರ ನೋಡಿ ದಾರಿ ಹುಡುಕಿಕೊಳ್ಳುತ್ತ ಹೋಗಬೇಕಿತ್ತು. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯ ಹುಟ್ಟುವುದನ್ನು ಕಂಡ ಪ್ರಯಾಣಿಕರಿಗೆ ಸಂಸ್ಥೆ ಒಂದು ಗುಟ್ಟಿನ ಸಂಘದ ಸದಸ್ಯತ್ವದ ಪತ್ರ ಕೊಡುತ್ತಿತ್ತು.

2019ರ ನವೆಂಬರ್ 14ರ ಬೆಳಗಿನ ಜಾವ, ಲಂಡನ್ನಿನಲ್ಲಿ ಇನ್ನೂ ಕತ್ತಲಿರುವಾಗ, ಕ್ವಾಂಟಾಸ್‌ನ ಒಂದು ಬೋಯಿಂಗ್ 787 ಐವತ್ತರಷ್ಟು ಜನರನ್ನಷ್ಟೇ ಹತ್ತಿಸಿಕೊಂಡು ಪರೀಕ್ಷೆಗೆಂದು ಸಿಡ್ನಿಯತ್ತ ಹೊರಟಿತು. 19 ಗಂಟೆ 19 ನಿಮಿಷದ ಹಾರಾಟ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಸೂರ್ಯ ಹುಟ್ಟಿದ. ಪೂರ್ವಕ್ಕೆ ಓಡಿದ ವಿಮಾನದಲ್ಲಿ ಹಗಲು ಬೇಗ ಮುಗಿದು ರಾತ್ರಿಯಾಯಿತು, ಸಿಡ್ನಿ ಇನ್ನೂ ದೂರ ಇರುವಾಗಲೇ ಆತ ಮತ್ತೊಮ್ಮೆ ಹುಟ್ಟಿದ.